ನೂರಿಪ್ಪತ್ತು ಗುಂಡಿ

ಗುರುವಾರ ಮಧ್ಯಾಹ್ನ ನಾಲ್ಕೂವರೆಗೆ ಬ್ಯಾಲಂಟೈನ್ ಬಡಾವಣೆಯ ಆಫೀಸಿನಿಂದ ಮನೆಗೆ ಬಂದ ಇಂದುವಿಗೆ ಊಟದ ಮೇಜಿನ ಮೇಲೆ ಮಾವನ ಬಿಳಿ ಪಂಚೆ ಹಾಸಿದ್ದು ಕಂಡಿತು. ಪಂಚೆಯ ಮೇಲೆ ಬೆರಳುದ್ದದ ಲೋಹದ ಕಡ್ಡಿಗಳು, ಒಂದೊಂದರ ತಲೆಯ ಮೇಲೂ ಒಂದೊಂದು ಬಿಳಿ ಗುಂಡಿ, ಶಾಲೆಯ ಮಕ್ಕಳನ್ನು ಪ್ರಾರ್ಥನೆಗೆ ನಿಲ್ಲಿಸಿದ ಹಾಗೆ ಸಾಲುಸಾಲಾಗಿದ್ದವು. ಮೇಜಿನ ಆ ತುದಿಯಲ್ಲಿ ಅಕಾರ್ಡಿಯನ್ ಎಡಗಡೆಯ ಮುಚ್ಚಳ ಕಳಚಿಕೊಂಡು ಹೊಟ್ಟೆ ತೆರೆದು ಕೂತಿತ್ತು. ಅದರ ಮುಂದೆ ಮಾವ ಶಿವಶರಣಪ್ಪನವರು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಹುಬ್ಬು ಕೀಳುವ ಚಿಮಟದಿಂದ ಇನ್ನೊಂದು ಕಡ್ಡಿಯನ್ನು ಹೊರಗೆಳೆಯುತ್ತಿದ್ದರು. ಚಿಮಟ ಇಂದುವಿನದ್ದು.

"ಬಂದಿಯೇನವಾ? ಚಾ ಮಾಡ್ಲೇನು?" ಅಂದರು ತಲೆಯೆತ್ತದೆ.

ಇಂದುವಿನ ಕೈಯಲ್ಲಿದ್ದ ಬ್ಯಾಗು ತಾನಾಗಿಯೇ ಕೆಳಗಿಳಿಯಿತು. "ಮಾವ, ಇದೇನಿದು?"

"ಒಂದ್ ಗುಂಡಿ ಒಳಗ ಸಿಕ್ಕೊಂಡದ, ಏಳವಲ್ದು ಅಂತ ಹದಿನೈದ್ ದಿನದಿಂದ ಗೊಣಗಲಿಕತ್ತಿದ್ದಿ ನೋಡು, ಅದನ್ನ ಎಬ್ಬಿಸಲಿಕ್ಕೆ ಬಿಚ್ಚೀನಿ."

"ಒಂದು ಗುಂಡಿಗೆ ಎಲ್ಲಾನೂ ಬಿಚ್ಚಿದ್ರಾ?"

"ಒಂದ ಸಾಲು ತೆಗೀದ ಇನ್ನೊಂದು ಬರಂಗಿಲ್ಲ. ಹಂಗ ಮಾಡ್ಯಾರ ಮಂದಿ."

ಶಿವಶರಣಪ್ಪನವರಿಗೆ ಎಪ್ಪತ್ತನಾಲ್ಕು. ಕಲಬುರಗಿಯ ಕೋರ್ಟಿನ ಎದುರು ನಲವತ್ತು ವರ್ಷ ಟೈಪ್‌ರೈಟರ್ ರಿಪೇರಿ ಮಾಡಿದವರು. ಟೈಪ್‌ರೈಟರುಗಳು ಹೋದರೂ ಬಿಚ್ಚುವ ಚಟ ಹೋಗಿರಲಿಲ್ಲ. ಪರದೇಶದಲ್ಲಿರುವ ಮಗನ ಮನೆಗೆ ಬಂದ ಎರಡು ತಿಂಗಳಲ್ಲಿ ಮಿಕ್ಸಿ, ಗ್ಯಾರೇಜಿನ ರಿಮೋಟು, ಹೊಗೆ ಬಂದರೆ ಕೂಗುವ ಅಲಾರಂ, ಮೂರನ್ನೂ ಬಿಚ್ಚಿ ಜೋಡಿಸಿದ್ದರು. ಮಿಕ್ಸಿ ಮೊದಲಿಗಿಂತ ಚೆನ್ನಾಗಿಯೇ ತಿರುಗುತ್ತಿತ್ತು. ಅಲಾರಂ ಮಾತ್ರ ಒಗ್ಗರಣೆ ಹಾಕಿದರೂ ಕೂಗುತ್ತಿತ್ತು. ಅತ್ತೆ ಶಾಂತಾಬಾಯಿ ಇದ್ದಿದ್ದರೆ ಸ್ಕ್ರೂಡ್ರೈವರನ್ನೇ ಬಚ್ಚಿಡುತ್ತಿದ್ದರು. ಅವರು ಮಗಳ ಮನೆಗೆಂದು ಕ್ಯಾರಿ ಎಂಬ ಊರಿಗೆ ಹೋಗಿ ವಾರವಾಗಿತ್ತು.

ತಾಪತ್ರಯವೆಂದರೆ ಅಕಾರ್ಡಿಯನ್ ಇಂದುವಿನದ್ದಲ್ಲ. ಅದು ಅವಳ ಟೀಚರ್ ಡೊರೊತಿಯದ್ದು. ಪಕ್ಕದ ಊರು ಮ್ಯಾಥ್ಯೂಸ್‌ನಲ್ಲಿರುವ ಆಕೆಗೆ ಎಂಬತ್ತು ದಾಟಿದೆ. ಹರೆಯದಲ್ಲಿ ಮದುವೆ ಮನೆಗಳಲ್ಲಿ ಬಾರಿಸಿದ ಅದೇ ವಾದ್ಯವನ್ನು "ನನಗೀಗ ಇದರ ಭಾರ ಆಗೋದಿಲ್ಲ, ಕಲಿಯುವವರೆಗೆ ಇಟ್ಟುಕೋ" ಎಂದು ವರ್ಷದ ಹಿಂದೆ ಕೊಟ್ಟಿದ್ದಳು. ಮುಂದಿನ ಶನಿವಾರ ಕನ್ನಡ ಕೂಟದ ರಾಜ್ಯೋತ್ಸವ. ಹಳೆಯ ಸಿನಿಮಾ ಹಾಡುಗಳ ತಂಡದಲ್ಲಿ ಅಕಾರ್ಡಿಯನ್ ಇಂದುವಿನದೇ. ಉಳಿದಿದ್ದು ಒಂಬತ್ತು ದಿನ.

ಅವಳು ಮೇಜಿನ ಹತ್ತಿರ ಬಂದು ಬಗ್ಗಿ ನೋಡಿದಳು. ಕಡ್ಡಿಗಳೆಲ್ಲ ಬಹಳ ಅಚ್ಚುಕಟ್ಟಾಗಿದ್ದವು. ಅದೇ ಅವಳಿಗೆ ಅನುಮಾನ ಹುಟ್ಟಿಸಿತು.

"ಮಾವ, ಇವು ಒಳಗಡೆ ಯಾವ ಕ್ರಮದಲ್ಲಿದ್ವೋ ಅದೇ ಕ್ರಮದಲ್ಲಿ ಇಟ್ಟಿದ್ದೀರಿ ತಾನೇ?"

"ಒಳಗ ಎಲ್ಲೀ ಕ್ರಮವಾ? ಒಂದರ ಮಾರಿ ಒಂದಕ್ಕಿಲ್ಲ. ನಾನೇ ಕ್ರಮ ಹಚ್ಚೀನಿ. ಉದ್ದನ್ನವು ಇಲ್ಲಿ, ಗಿಡ್ಡವು ಇಲ್ಲಿ. ಮೂರು ಹಲ್ಲಿನವು ಆ ಕಡೆ."

ಇಂದು ಕುರ್ಚಿ ಎಳೆದುಕೊಂಡು ಕೂತಳು. ಬಾಯಿಗೆ ಬಂದದ್ದನ್ನು ಮಾವನಿಗೆ ಹೇಳುವ ಹಾಗಿರಲಿಲ್ಲ. ಮೈಸೂರಿನ ಅವಳ ಅಮ್ಮ ಕಲಿಸಿದ ಮರ್ಯಾದೆಗಳಲ್ಲಿ ಇಂಥ ಸಂದರ್ಭಕ್ಕೆ ತಕ್ಕ ಮಾತೂ ಇರಲಿಲ್ಲ. "ಎಣ್ಣೆ ಏನಾದ್ರೂ ಹಾಕಿದ್ರಾ?" ಅಂದಳು ಕಡೆಗೆ.

"ಇನ್ನಾ ಹಾಕಿಲ್ಲ."

"ಹಾಕ್ಬೇಡಿ. ದಯವಿಟ್ಟು ಹಾಕ್ಬೇಡಿ."

ಮಹಡಿ ಹತ್ತಿದಳು. ಗಂಡ ರವಿಶಂಕರ್ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಮೀಟಿಂಗಿನಲ್ಲಿದ್ದ. ಮ್ಯೂಟ್ ಮಾಡಿ, ಪೂರ್ತಿ ಕೇಳಿ, "ಯೂಟ್ಯೂಬ್‌ನಲ್ಲಿ ವಿಡಿಯೋ ಇರತ್ತಲ್ಲಾ, ನೋಡ್ಕೊಂಡು ಜೋಡಿಸಿದ್ರಾಯ್ತು. ಅಪ್ಪ ಇದ್ದಾರಲ್ಲ," ಅಂದ.

"ನಿಮ್ಮಪ್ಪ ಇರೋದ್ರಿಂದಾನೇ ಹೀಗಾಗಿರೋದು!"

"ಹಾಗಂದ್ರೆ ಹೇಗೆ ಇಂದು? ಅವರು ಹೆಲ್ಪ್ ಮಾಡಕ್ಕೆ ಹೋದ್ರು," ಎಂದು ಅವನು ಮತ್ತೆ ಪರದೆಯ ಕಡೆ ತಿರುಗಿದ.

ಶುಕ್ರವಾರ ಡೊರೊತಿಯ ಕ್ಲಾಸಿತ್ತು. ತನಗೆ ಜ್ವರ ಅಂತ ಇಂದು ಆಕೆಗೆ ಮೆಸೇಜ್ ಕಳಿಸಿದಳು. "ಬಿಸಿನೀರು ಕುಡಿ, ಎಡಗೈ ಮಾತ್ರ ಅಭ್ಯಾಸ ಮಾಡು," ಅಂತ ಉತ್ತರ ಬಂತು. ಅದನ್ನು ಓದಿ ಇಂದುವಿಗೆ ನಿಜವಾಗಿಯೂ ಮೈ ಬಿಸಿಯಾಯಿತು.

ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಇಬ್ಬರೂ ಮೇಜಿನ ಎರಡು ಬದಿಗೆ ಕೂತರು. ಇಂದು ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು ಬಿಡಿಸಿ, ಅದರ ಒಳಮೈಯ ಮೇಲೆ ಆರು ಅಡ್ಡ ಸಾಲು, ಇಪ್ಪತ್ತು ಉದ್ದ ಸಾಲು ಬರುವಂತೆ ಗೆರೆ ಎಳೆದು ನೂರಿಪ್ಪತ್ತು ಮನೆ ಮಾಡಿದಳು.

"ನೋಡಿ ಮಾವ. ಬಲಗೈಗೆ ಹಾರ್ಮೋನಿಯಂ ಥರಾನೇ ಮನೆಗಳಿವೆ, ಕಣ್ಣಿಗೆ ಕಾಣ್ತವೆ. ಎಡಗೈದು ಕಾಣಲ್ಲ. ಬೆಲ್ಟಿನೊಳಗೆ ಕೈ ತೂರಿಸಿಕೊಂಡು, ತಿದೀನ ಎಳೀತಾ, ಬೆರಳಲ್ಲೇ ತಡವಿ ಹುಡುಕಬೇಕು. ಎರಡನೇ ಸಾಲಿನ ನಡುವೆ ಈ ಒಂದು ಗುಂಡಿಗೆ ಮಾತ್ರ ಗುಳಿ ಇದೆ, ಮುಟ್ಟಿ ನೋಡಿ. ಇದು ಸಿ. ಇದನ್ನ ಸ ಅಂತ ಇಟ್ಕೊಳ್ಳಿ. ಎಲ್ಲ ಲೆಕ್ಕಾನೂ ಇಲ್ಲಿಂದ ಶುರು."

ಮಾವ ಮಠದ ಭಜನೆಯಲ್ಲಿ ಹಾಡಿದವರು, ಸರಿಗಮ ಗೊತ್ತಿತ್ತು. "ಸ ಇಲ್ಲಿ ಅದ. ಇದರ ಮ್ಯಾಲಿಂದು ರಿ," ಅಂದರು.

"ಅಲ್ಲ. ಪ."

"ಸ ಆದಮ್ಯಾಲೆ ಪ ಹ್ಯಾಂಗ ಬರ್ತದ?"

"ಬರತ್ತೆ. ಗಲ್ಲದ ಕಡೆ ಹೋಗ್ತಾ ಪ್ರತಿ ಗುಂಡೀನೂ ಹಿಂದಿನದರ ಪಂಚಮ. ಸ, ಅದರ ಪ, ಆ ಪಗೆ ಪ ಅಂದ್ರೆ ರಿ. ನೆಲದ ಕಡೆ ಇಳಿದ್ರೆ ಸ ಕೆಳಗೆ ಮ."

"ಇದನ್ನ ಮಾಡಿದಂವ ಕುಡದಿದ್ದ," ಎಂದು ಶಿವಶರಣಪ್ಪನವರು ತೀರ್ಪು ಕೊಟ್ಟರು.

ಇಂದು ಹಲ್ಲು ಕಚ್ಚಿ ಮುಂದುವರಿಸಿದಳು. ತಿದಿಯ ಪಕ್ಕದ ಮೊದಲ ಸಾಲು ಎರಡನೆಯ ಸಾಲಿನ ಸ್ವರಗಳ ಗಾಂಧಾರ. ಎರಡನೆಯದು ಮೂಲ ಸ್ವರ. ಇವೆರಡು ಸಾಲಿನಲ್ಲಿ ಗುಂಡಿ ಒತ್ತಿದರೆ ಒಂದೇ ಸ್ವರ. ಮೂರನೆಯದರಿಂದ ಆರನೆಯದರವರೆಗೆ ಒಂದು ಗುಂಡಿಗೆ ಮೂರು ಸ್ವರ ಒಟ್ಟಿಗೆ, ಸಾಲಿಗೊಂದು ಬಗೆಯ ಸ್ವರಗುಚ್ಛ: ಮೇಜರ್, ಮೈನರ್, ಸೆವೆಂತ್, ಡಿಮಿನಿಶ್ಡ್. "ಹಾಡೋವಾಗ ಸ, ಮ, ಪ ಇವೇ ಹೆಚ್ಚು ಬೇಕಾಗೋದು. ಮೂರೂ ಅಕ್ಕಪಕ್ಕದಲ್ಲೇ ಸಿಗ್ತವೆ. ಕೈ ಓಡಾಡಬೇಕಾಗಿಲ್ಲ."

ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. "ನಮ್ಮ ಮಷಿನ್‌ದಾಗ ಇದರ ಉಲ್ಟಾ. ಕೂಡಿ ಬರೂ ಅಕ್ಷರ ದೂರದೂರ ಇಡತಿದ್ರು, ಕಡ್ಡಿಗೆ ಕಡ್ಡಿ ಬಡದು ಸಿಕ್ಕೋಬಾರದು ಅಂತ. ಇಲ್ಲಿ ಕೂಡಿ ಬರೂವು ಕೂಡೇ ಕುಂತಾವ." ಕನ್ನಡಕ ಮತ್ತೆ ಏರಿಸಿಕೊಂಡು, "ಕುಡದಿರಲಿಲ್ಲ ತಗೋ," ಅಂದರು.

ಆಮೇಲೆ ಅವರು ಕೇಳಲು ಶುರುಮಾಡಿದರು, ಅದೇ ಕಷ್ಟವಾಯಿತು. "ಈ ಆರನೇ ಸಾಲು ಯಾವಾಗ ಬಾರಸ್ತಿ?"

"ಬಾರಿಸಿಲ್ಲ."

"ಐದನೇದು?"

"ಒಂದೆರಡು ಸಲ."

"ಈ ಮ್ಯಾಲಿನ ತುದಿಯವು?"

"ಇಲ್ಲ ಮಾವ."

"ಒಟ್ಟ ಎಷ್ಟ್ ಗುಂಡಿ ಬಾರಸ್ತಿ ನೀನು?"

ಇಂದು ಮನಸ್ಸಿನಲ್ಲೇ ಎಣಿಸಿದಳು. ಎಂಟು. ನೂರಿಪ್ಪತ್ತರಲ್ಲಿ ಎಂಟು. ಒಂದು ವರ್ಷದಿಂದ ಡೊರೊತಿ ಹೇಳುತ್ತಿದ್ದುದೂ ಇದನ್ನೇ, ಪಕ್ಕಕ್ಕೆ ಹೋಗು, ಹೆದರಬೇಡ ಅಂತ. ಕೂಟದವರು ಅವಳನ್ನು ಆರ್ಟಿಸ್ಟ್ ಎಂದು ಕರೆದು ಫ್ಲೈಯರಿನಲ್ಲಿ ಫೋಟೋ ಹಾಕಿದ್ದರು. ತನ್ನ ಮೇಲೆಯೇ ಸಿಟ್ಟು ಬಂತು, ಅದನ್ನು ಕೆದಕಿದ ಮಾವನ ಮೇಲೆ ಇನ್ನಷ್ಟು ಬಂತು. "ಅಷ್ಟೇ ಸಾಕಾಗತ್ತೆ," ಎಂದು ಚಿಮಟ ತೆಗೆದುಕೊಂಡಳು.

ದಾರಿ ಹೊಳೆದದ್ದು ಮಾವನಿಗೆ. ಅಕಾರ್ಡಿಯನ್ನಿನ ಪೆಟ್ಟಿಗೆಯೊಳಗೆ ಹನ್ನೆರಡು ಉದ್ದನೆಯ ಸರಳುಗಳಿದ್ದವು. ಕಡ್ಡಿಯ ಹಲ್ಲು ಹೋಗಿ ಸರಳನ್ನು ತಳ್ಳಿದರೆ ಆ ಸರಳಿನ ಸ್ವರದ ಬಾಯಿ ತೆರೆಯುತ್ತಿತ್ತು. ಹಾಗಾದರೆ ಯಾವ ಕಡ್ಡಿಗೆ ಎಲ್ಲೆಲ್ಲಿ ಹಲ್ಲಿದೆ ಎಂದು ಅಳೆದರೆ ಅದು ಯಾರ ಮನೆಯದ್ದೆಂದು ತಿಳಿಯುತ್ತದೆ. ಅವರು ಒಂದೊಂದೇ ಸರಳನ್ನು ಬೆರಳಿನಿಂದ ಅದುಮಿದರು, ಇಂದು ತಿದಿ ಎಳೆದಳು, ಫೋನಿನ ಟ್ಯೂನರ್ ಸ್ವರದ ಹೆಸರು ತೋರಿಸಿತು. ರಟ್ಟಿನ ಪಟ್ಟಿಯೊಂದರ ಮೇಲೆ ಮಾವ ಹನ್ನೆರಡು ಗೀಟು ಹಾಕಿ ಅಳತೆಪಟ್ಟಿ ಮಾಡಿದರು.

ಮೊದಲೆರಡು ಸಾಲಿಗೆ ಒಂದೇ ಹಲ್ಲಿನ ಕಡ್ಡಿ. ಮುಂದಿನ ಸಾಲುಗಳಿಗೆ, "ಸಿ ಮೇಜರ್. ಒಂದು, ಐದು, ಎಂಟು," ಎಂದು ಇಂದು ಮೂಲ ಸ್ವರದ ಸರಳಿನಿಂದ ಎಣಿಸಿ ಹೇಳುವುದು. ಮಾವ ಮೂರು ಹಲ್ಲಿನ ರಾಶಿಯಿಂದ ಒಂದೊಂದನ್ನೇ ಪಟ್ಟಿಯ ಮೇಲೆ ಇಟ್ಟು ನೋಡಿ, "ಸಿಕ್ತು," ಅನ್ನುವುದು. ಒಂದು ಕಡ್ಡಿಗೆ ಐದು ನಿಮಿಷ ಹಿಡಿಯುತ್ತಿತ್ತು. ನಡುವೆ ಅವರಿಗೆ ಹನ್ನೊಂದು ಗಂಟೆಯ ಚಹಾ ಬೇಕು, ಒಂದು ಗಂಟೆಗೆ ರೊಟ್ಟಿ ಬೇಕು, ರೊಟ್ಟಿ ಆದ ಮೇಲೆ ಅರ್ಧ ಗಂಟೆ ಅಡ್ಡಾಗಬೇಕು. ಅಡ್ಡಾಗುವ ಹೊತ್ತಿನಲ್ಲಿ ಇಂದು ಒಬ್ಬಳೇ ಮಾಡಲು ಹೋದರೆ ಕಡ್ಡಿ ತೂತಿನಲ್ಲಿ ಕೂರುತ್ತಿರಲಿಲ್ಲ. ಮಾವ ಎದ್ದು ಬಂದು ಎರಡು ಬೆರಳಿನಲ್ಲಿ ಹಿಡಿದು ತುಸು ಅಲುಗಿಸಿದರೆ ಟಕ್ಕೆಂದು ಕೂರುತ್ತಿತ್ತು. ಅದೂ ಅವಳಿಗೆ ಸಹಿಸಲಾಗುತ್ತಿರಲಿಲ್ಲ.

ಸಂಜೆಗೆ ಮಾವ ಒಂದು ಹೊಸ ತಕರಾರು ತೆಗೆದರು. "ಯವ್ವಾ, ಇದರಾಗ ಅವಳಿ ಜವಳಿ ಭಾಳ ಅವ. ಇದನ್ನ ಆಗಳೇ ಹಾಕೀವಿ. ಮತ್ತ ಇದೊಂದು ಬಂದದ. ಎಲ್ಲೋ ತಪ್ಪೇದ."

ಇಂದು ಗಾಬರಿಯಾಗಿ ಅಳತೆ ನೋಡಿದಳು. ನಿಜ, ಎರಡೂ ಒಂದೇ. ಎರಡನೆಯ ಸಾಲನ್ನು ಪೂರ್ತಿ ಹೊರಗೆಳೆದು ಮತ್ತೆ ಎಣಿಸಿದರು. ಎಂಟು ಜೋಡಿ ಸಿಕ್ಕವು. ಆಗ ಅವಳ ತಲೆಗೆ ಹೋಯಿತು: ಸ್ವರಗಳು ಹನ್ನೆರಡೇ, ಮನೆಗಳು ಇಪ್ಪತ್ತು. ಹನ್ನೆರಡಾದ ಮೇಲೆ ಮೊದಲ ಎಂಟು ಮತ್ತೆ ಬರಲೇಬೇಕು. ಡೊರೊತಿ ಇದನ್ನು ಮೊದಲ ತಿಂಗಳೇ ಹೇಳಿಕೊಟ್ಟಿದ್ದಳು. ಇಂದು ನೋಟ್ಸ್ ಬರೆದುಕೊಂಡಿದ್ದಳು ಕೂಡ.

"ತಪ್ಪಿಲ್ಲ ಮಾವ. ಸರಿಯಾಗೇ ಇತ್ತು," ಅಂದಳು.

"ಮತ್ತ ಬಿಚ್ಚಿದ್ದು ಯಾಕ?"

ಅವಳು ಮೊದಲ ಕಡ್ಡಿಯನ್ನು ಮತ್ತೆ ತೂತಿಗೆ ಇಳಿಸಿದಳು.

ಭಾನುವಾರ ಮೂರನೆಯ ಸಾಲು. ಸೋಮವಾರ, ಮಂಗಳವಾರ ಆಫೀಸು ಮುಗಿಸಿ ಬಂದು ನಾಲ್ಕು, ಐದು. ಒಂದೊಂದು ಸಾಲು ಕೂತ ಮೇಲೂ ಬಾರಿಸಿ ನೋಡೋಣ ಅಂದರು ಮಾವ. ಟೈಮಿಲ್ಲ, ಕೊನೆಗೆ ಒಟ್ಟಿಗೆ ನೋಡೋಣ ಅಂದಳು ಇಂದು. ಬುಧವಾರ ಸಂಜೆ ಆರೂವರೆಗೆ ಕೊನೆಯ ಕಡ್ಡಿ ಟಕ್ಕೆಂದಿತು. ಮುಚ್ಚಳ ಹಾಕಿ, ಬೆಲ್ಟು ಬಿಗಿದು, ಅವಳು ವಾದ್ಯವನ್ನು ಹೆಗಲಿಗೇರಿಸಿದಳು. ಗುಳಿಯ ಗುಂಡಿ ಬೆರಳಿಗೆ ಸಿಕ್ಕಿತು. ಒತ್ತಿದಳು. ಸಿ. ಚೆನ್ನಾಗಿ, ದಪ್ಪಗೆ ಬಂತು. ಪಕ್ಕದ ಮೂರನೆಯ ಸಾಲಿನ ಗುಂಡಿ ಒತ್ತಿದಳು. ಸಿ ಮೇಜರ್ ಬರಬೇಕಿದ್ದಲ್ಲಿ ಜಿ ಮೇಜರ್ ಬಂತು. ಜಿ ಒತ್ತಿದರೆ ಸಿ. ಡಿ ಒತ್ತಿದರೆ ಎಫ್. ಗಲ್ಲದ ಕಡೆ ಏರಿದಷ್ಟೂ ಸ್ವರಗಳು ನೆಲದ ಕಡೆ ಇಳಿಯುತ್ತಿದ್ದವು. ಇಡೀ ಮೂರನೆಯ ಸಾಲು ತಲೆಕೆಳಗಾಗಿತ್ತು. ಅದನ್ನು ಸರಿಮಾಡಲು ಆರು, ಐದು, ನಾಲ್ಕು, ಎಲ್ಲವನ್ನೂ ಮತ್ತೆ ಹೊರಗೆಳೆಯಬೇಕು.

"ಹ್ಯಾಂಗದ?" ಅಂದರು ಮಾವ ಉತ್ಸಾಹದಿಂದ.

"ಸಾಕು ಮಾವ!" ಅವಳ ಧ್ವನಿ ಅವಳಿಗೇ ಗುರುತು ಸಿಗಲಿಲ್ಲ. "ಸಾಕು! ಯಾರು ಕೇಳಿದ್ರು ನಿಮ್ಮನ್ನ ಬಿಚ್ಚಿ ಅಂತ? ಒಂದು ಗುಂಡಿ ಸಿಕ್ಕೊಂಡಿತ್ತು, ಇರ್ಲಿ ಬಿಡಿ ಅಂತ ಬಾರಿಸ್ತಾ ಇದ್ದೆ. ಮನೇಲಿರೋದನ್ನೆಲ್ಲ ಬಿಚ್ಚಬೇಕಾ ನೀವು? ಆ ಹೆಂಗಸಿಗೆ ನಾನು ಏನು ಹೇಳ್ಲಿ?"

ರವಿಶಂಕರ್ ಮೆಟ್ಟಿಲ ಮೇಲೆ ಬಂದು ನಿಂತ. ಶಿವಶರಣಪ್ಪನವರು ಅಳತೆಪಟ್ಟಿಯನ್ನು ಮೇಜಿನ ಮೇಲಿಟ್ಟು, ಸ್ವೆಟರ್ ಹಾಕಿಕೊಂಡು, ಬಾಗಿಲು ತೆಗೆದು ಹೊರಗೆ ಹೋದರು. ಕಿಟಕಿಯಿಂದ ಕಾಣುತ್ತಿತ್ತು: ಕಾಲುದಾರಿಯ ಮೇಲೆ ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ನಿಧಾನವಾಗಿ ನಡೆಯುತ್ತಿದ್ದರು.

ಇಂದು ರಟ್ಟಿನ ನಕ್ಷೆಯನ್ನು ಎಳೆದುಕೊಂಡಳು, ಮಾವನ ತಪ್ಪು ಎಲ್ಲಿದೆಯೆಂದು ಹುಡುಕಲು. ಮೂರನೆಯ ಸಾಲಿನ ಬದಿಯಲ್ಲಿ ಪೆನ್ಸಿಲಿನ ಸಣ್ಣ ಅಕ್ಷರಗಳಿದ್ದವು, ಅಚ್ಚು ಹೊಡೆದಂಥ ದುಂಡನೆಯ ಅಕ್ಷರ: "ಬೆಳಕು ಸಾಲದ್ದಕ್ಕೆ ಪೆಟ್ಟಿಗೆ ತಿರುವಿ ಇಟ್ಟಿದೆ. ಈ ಸಾಲು ಬಲದಿಂದ ಎಣಿಸತಕ್ಕದ್ದು." ಕೆಳಗೆ ಭಾನುವಾರದ ತಾರೀಕು.

ನೆನಪಾಯಿತು. ಭಾನುವಾರ ಊಟವಾದ ಮೇಲೆ ಕಿಟಕಿಯ ಬೆಳಕಿಗೆಂದು ಮಾವ ಪೆಟ್ಟಿಗೆಯನ್ನು ತಿರುಗಿಸಿದ್ದರು. "ತಿರುವೀನಿ ನೋಡವಾ, ಬಲಗಡೆಯಿಂದ ಹೇಳು," ಅಂದಿದ್ದರು. ಅವಳು ಆಫೀಸಿನವರ ಜೊತೆ ಫೋನಿನಲ್ಲಿದ್ದಳು. ಹ್ಞೂ ಹ್ಞೂ ಅಂದಿದ್ದಳು. ಆಮೇಲೆ ಫೋನು ಇಟ್ಟು ಎಡದಿಂದಲೇ ಹೇಳಿಕೊಂಡು ಹೋಗಿದ್ದಳು. ಅವಳು ಹೇಳಿದ ಕ್ರಮದಲ್ಲೇ ಮಾವ ಕಡ್ಡಿಗಳನ್ನು ಕೂರಿಸುತ್ತಾ ಹೋಗಿದ್ದರು, ಸೊಸೆಗೆ ಸಂಗೀತ ಗೊತ್ತು ಅಂತ.

ಚಪ್ಪಲಿ ಮೆಟ್ಟಿಕೊಂಡು ಹೊರಗೋಡಿದಳು. ಮಾವ ಮೂರು ಮನೆ ದಾಟಿ ಹೋಗಿದ್ದರು.

"ಮಾವ, ನಂದೇ ತಪ್ಪು. ನೀವು ಬರೆದಿಟ್ಟಿದ್ದೀರಿ. ನಾನು ನೋಡಿಲ್ಲ."

ಅವರು ನಿಂತರು. "ಬರದಿದ್ನಲ್ಲ, ನೋಡಿದಿ ಅನಕೊಂಡೆ."

"ಹಾಗೆಲ್ಲ ಕೂಗಬಾರದಿತ್ತು."

"ಕೂಗಿದ್ದೇನ್ ತಪ್ಪಲ್ಲ. ನಮ್ಮನಿಯಾಕಿ ದಿನಾ ಕೂಗ್ತಾಳ." ಮುಖ ಮಾತ್ರ ಸಡಿಲವಾಗಲಿಲ್ಲ. "ಆದ್ರ ಮನಿಯಾಗಿಂದೆಲ್ಲ ಬಿಚ್ಚತಾನ ಅಂದಿ ನೋಡು. ಜೋಡಿಸಿಲ್ಲೇನ ನಾನು? ಯಾವುದು ಬಿಚ್ಚಿ ಹಂಗೇ ಬಿಟ್ಟೀನಿ?"

ಅಲಾರಂ ಎಂಬ ಮಾತು ಇಂದುವಿನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ಯಾವುದೂ ಇಲ್ಲ," ಅಂದಳು.

ಮನೆಗೆ ಬಂದ ಮೇಲೆ ಅವಳು ಮೊದಲು ಮಾಡಿದ್ದು ಡೊರೊತಿಗೆ ಫೋನು. ಜ್ವರ ಸುಳ್ಳು ಎಂಬಲ್ಲಿಂದ ಶುರುಮಾಡಿ ಎಲ್ಲ ಹೇಳಿದಳು. ಡೊರೊತಿ, ನೂರಿಪ್ಪತ್ತನ್ನೂ ಹೊರಗೆ ತೆಗೆದರಾ ಎಂದು ಕೇಳಿದಳು. ಹೌದು ಅಂದಳು ಇಂದು. ವಾದ್ಯದ ವಿಷಯಕ್ಕಿಂತ ಸುಳ್ಳು ಹೇಳಿದ್ದು ತನಗೆ ಬೇಸರ, ಅಂಥವರಿಗೆ ಕಲಿಸುವುದು ಕಷ್ಟ ಎಂದಳು ಡೊರೊತಿ. ಶುಕ್ರವಾರ ಬೆಳಿಗ್ಗೆ ತೆಗೆದುಕೊಂಡು ಬಾ, ಆ ಮುದುಕರನ್ನೂ ಕರೆದುಕೊಂಡು ಬಾ ಎಂದು ಫೋನಿಟ್ಟಳು.

ಗುರುವಾರ ಇಂದು ರಜೆ ಹಾಕಿದಳು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಮಾವ ಸೊಸೆ ನಾಲ್ಕು ಸಾಲು ಬಿಚ್ಚಿ ಜೋಡಿಸಿದರು. ಈ ಸಲ ಪ್ರತಿ ಸಾಲಿಗೂ ಬಾರಿಸಿ ನೋಡಿದರು. ನಕ್ಷೆ ನೋಡದೆಯೇ ಇಂದುವಿಗೆ ಹೇಳಲು ಬರುತ್ತಿತ್ತು: ಗುಳಿಯಿಂದ ನಾಲ್ಕು ಮೇಲೆ ಇ, ನಾಲ್ಕು ಕೆಳಗೆ ಎ ಫ್ಲಾಟ್. ಮಾವನೂ ಕೇಳಿ ಕೇಳಿ ಒಂದು, ಐದು, ಎಂಟನ್ನು ಬಾಯಿಪಾಠ ಮಾಡಿಕೊಂಡಿದ್ದರು. ಮೈನರಿಗೆ ಬಂದಾಗ, ಅವಳು ಹೇಳುವ ಮೊದಲೇ, "ಒಂದು, ನಾಕು, ಎಂಟು," ಅನ್ನುತ್ತಿದ್ದರು.

ಡೊರೊತಿ ಶುಕ್ರವಾರ ಯಾರಿಗೂ ಕುಳಿತುಕೊಳ್ಳಿ ಅನ್ನಲಿಲ್ಲ. ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ, ನೆಲದ ತುದಿಯಿಂದ ಗಲ್ಲದ ತುದಿಯವರೆಗೆ ನೂರಿಪ್ಪತ್ತನ್ನೂ ಒತ್ತಿದಳು. ಮೊದಲು ಸಿಕ್ಕಿಕೊಂಡಿದ್ದ ಗುಂಡಿಯೂ ಎದ್ದು ಬಂತು. ಐದನೆಯ ಸಾಲಿನಲ್ಲಿ ಎರಡು ಗುಂಡಿಗಳು ಉಳಿದವಕ್ಕಿಂತ ಕೂದಲೆಳೆಯಷ್ಟು ಎತ್ತರ ಇವೆ ಎಂದಳು. ಶಿವಶರಣಪ್ಪನವರಿಗೆ ಇಂಗ್ಲಿಷ್ ಅಷ್ಟು ಬಾರದಿದ್ದರೂ ಬೆರಳು ತೋರಿಸಿದ್ದು ತಿಳಿಯಿತು. ಹೌದು, ಗೊತ್ತು ಎನ್ನುವಂತೆ ತಲೆಯಾಡಿಸಿದರು. ಡೊರೊತಿ ಅವರ ಕೈಯನ್ನು ತೆಗೆದುಕೊಂಡು ಉಗುರುಗಳ ಸಂದಿಯ ಕಪ್ಪನ್ನು ನೋಡಿದಳು, ಬಿಟ್ಟಳು. ನಾಳೆ ಬಾರಿಸು, ಸೋಮವಾರ ವಾಪಸು ತಂದುಕೊಡು, ಆಮೇಲೆ ನೋಡೋಣ ಎಂದಳು ಇಂದುವಿಗೆ. ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ.

ಶನಿವಾರ ಮಧ್ಯಾಹ್ನ ಶಾಲೆಯೊಂದರ ಆಡಿಟೋರಿಯಮ್ಮಿನಲ್ಲಿ ಇಂದು ಬಾರಿಸಿದಳು. ಎಂಟಲ್ಲ, ಹದಿನೈದು ಗುಂಡಿಯಾದರೂ ಮುಟ್ಟಿರಬೇಕು. ಹಾಡು ತಿರುಗುವಲ್ಲಿ ಮೊದಲೆಲ್ಲ ಅವಳು ಎಡಗೈಯನ್ನು ಸುಮ್ಮನೆ ಇಟ್ಟುಬಿಡುತ್ತಿದ್ದಳು. ಈ ಸಲ ಬೆರಳು ಗುಳಿಯಿಂದ ಮೂರು ಮೇಲೆ ಏರಿ ನಾಲ್ಕನೆಯ ಸಾಲಿಗೆ ಜಾರಿತು, ಎ ಮೈನರ್ ಸಿಕ್ಕಿತು. ಎರಡನೆಯ ಚರಣದಲ್ಲಿ ಅದೇ ಬೆರಳು ಆತುರಪಟ್ಟಿತು. ಹಾಡುವವರ ಗಂಟಲು ಜೋರಾಗಿದ್ದರಿಂದ ಯಾರಿಗೂ ಗೊತ್ತಾಗಿರಲಿಕ್ಕಿಲ್ಲ ಅಂದುಕೊಂಡಳು.

ಕಾರ್ಯಕ್ರಮ ಮುಗಿದ ಮೇಲೆ ಊಟದ ಸಾಲಿನಲ್ಲಿ ಕೂಟದ ಹರಿಣಿ ಬಂದು, "ಸೂಪರ್ ಇಂದು! ಇದು ಹಾರ್ಮೋನಿಯಂ ಥರಾನೇ ಅಲ್ವಾ, ಕುತ್ತಿಗೆಗೆ ಹಾಕ್ಕೊಳ್ಳೋದು ಒಂದೇ ಡಿಫರೆನ್ಸು," ಅಂದಳು. ಇಂದು ಬಿಸಿಬೇಳೆಬಾತಿನ ಸೌಟು ಹಿಡಿದು ಆಕೆಯ ಮುಖವನ್ನೇ ನೋಡಿದಳು. ಆ ಕಡೆ ಮೇಜಿನಲ್ಲಿ ಶಿವಶರಣಪ್ಪನವರ ಸುತ್ತ ಏಳೆಂಟು ಜನ ಸೇರಿದ್ದರು. ಅವರು ಪೇಪರ್ ತಟ್ಟೆಯ ಹಿಂಬದಿಯಲ್ಲಿ ಆರು ಸಾಲು ಎಳೆದು, "ಸ ಬಾಜೂಕ ಪ," ಎಂದು ವಿವರಿಸುತ್ತಿದ್ದರು. ವಾದ್ಯ ಬಾರಿಸಿದವಳನ್ನು ಯಾರೂ ಏನೂ ಕೇಳಲಿಲ್ಲ.

ಮನೆಗೆ ಹೋಗುವಾಗ ರವಿಶಂಕರ್ ಹಿಂದಿನ ಸೀಟಿನಲ್ಲಿ ಅಕಾರ್ಡಿಯನ್ನಿನ ಪಕ್ಕ ನಿದ್ದೆ ಹೋದ. ಇಂದು ಡ್ರೈವ್ ಮಾಡುತ್ತಿದ್ದಳು. ಹೈವೇಗೆ ಸೇರುವ ಸಿಗ್ನಲ್ಲಿನಲ್ಲಿ ಮಾವ ಗಂಟಲು ಸರಿಮಾಡಿಕೊಂಡರು.

"ಛಂದ ಬಾರಿಸಿದಿ."

"ಥ್ಯಾಂಕ್ಸ್ ಮಾವ."

"ಎರಡನೇ ಚರಣದಾಗ ಒಂದ್ ಗುಂಡಿ ತಪ್ಪಿದಿ. ನಾಕನೇ ಸಾಲಿಂದು ಒತ್ತೂದು ಬಿಟ್ಟು ಮೂರನೇದು ಒತ್ತಿದಿ. ಒಂದು, ನಾಕು, ಎಂಟು ಬರಬೇಕಿತ್ತು. ಒಂದು, ಐದು, ಎಂಟು ಬಂತು."

ಮುನ್ನೂರು ಜನರಲ್ಲಿ ಕಂಡುಹಿಡಿಯಲು ಇವರೇ ಆಗಬೇಕಿತ್ತು. ಇಂದು ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಗೊತ್ತು ಮಾವ," ಅಂದಳು.

"ಗೊತ್ತಿದ್ರ ಆತು," ಎಂದು ಅವರು ಸೀಟಿಗೊರಗಿ ಕಣ್ಣು ಮುಚ್ಚಿದರು. ಸಿಗ್ನಲ್ ಹಸಿರಾಯಿತು.